ಮೊದಲು ಗಡಿಯಾರ, ಆಮೇಲೆ ಗುಡಿ

ಕೆಂಭಾವಿ ಎಂದೊಡನೆ ವಚನ ಸಾಹಿತ್ಯ ಓದಿದವರಿಗೆ ನೆನಪಾಗುವುದು ಭೋಗಣ್ಣ. ಸುರಪುರ ತಾಲ್ಲೂಕಿನ ಈ ಊರನ್ನು ತನ್ನ ಹೆಸರಿನ ಮುಂದೆ ಹೊತ್ತುಕೊಂಡೇ ಉಳಿದುಬಂದ ಶರಣ ಈತ. ಬಸವಪುರಾಣದಲ್ಲಿ ಈತನ ಕತೆ ಇದೆ, ಈತನವೆಂದು ಗುರುತಿಸಿದ ವಚನಗಳಿವೆ, ಪ್ರತಿ ವಚನದ ತುದಿಗೂ ಅಂಕಿತ ಇದೆ. ಇಲ್ಲದ್ದು ಒಂದೇ, ತೇದಿ. ಈತ ಯಾವ ವರ್ಷ ಇದ್ದ, ಯಾರಿಗಿಂತ ಹಿರಿಯ, ಯಾರಿಗಿಂತ ಕಿರಿಯ ಎಂದು ಹೇಳಲು ವಿದ್ವಾಂಸರು ಅಂದಾಜಿನ ಮೇಲೆ ಅಂದಾಜು ಪೇರಿಸಬೇಕಾಗುತ್ತದೆ. ಇದೇ ಸೀಮೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಗುಡಿಯ ನಂದಾದೀಪಕ್ಕೆಂದು ನಾಲ್ಕು ಮತ್ತರು ಹೊಲ ಬಿಟ್ಟ ಸಾಮಾನ್ಯ ಗಾವುಂಡನ ದಾನ ಮಾತ್ರ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಗ್ರಹಣದ ಸಮೇತ ಕಲ್ಲಿನಲ್ಲಿ ಕೂತಿದೆ. ವಚನಕ್ಕೆ ಅಂಕಿತವಿದೆ, ತೇದಿಯಿಲ್ಲ. ಶಾಸನಕ್ಕೆ ಎರಡೂ ಇವೆ. ಅಂಗೈಯಲ್ಲಿ ಹಿಡಿಸುವ ಡಿಜಿಟಲ್ ಕ್ಯಾಮೆರಾವನ್ನು ಡಬ್ಬಿಯಿಂದ ತೆಗೆದು ಬಳಸಲು ಹೊರಟವರು ಈ ವ್ಯತ್ಯಾಸವನ್ನು ಒಂದು ಕ್ಷಣ ಯೋಚಿಸಬೇಕೆಂಬುದು ಈ ಬರಹದ ವಾದ. ಕ್ಯಾಮೆರಾ ಮೊದಲ ಸಲ ಚಾಲೂ ಆದಾಗ ಪರದೆಯ ಮೇಲೆ ಅದು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ಇವತ್ತು ಯಾವ ತಾರೀಖು, ಈಗ ಎಷ್ಟು ಗಂಟೆ ಎಂಬುದು. ನಮ್ಮಲ್ಲಿ ಹೆಚ್ಚಿನವರು ಅದನ್ನು ಕೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಂತೆ ಓಕೆ ಒತ್ತಿ ದಾಟುತ್ತಾರೆ. ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಎಂದು ಅಂಗಡಿಯಲ್ಲಿ ಅರ್ಧ ತಾಸು ವಾದಿಸಿದವರೇ ಈ ಅರ್ಧ ನಿಮಿಷ ಕೊಡುವುದಿಲ್ಲ. ಕ್ಯಾಮೆರಾದ ಅಷ್ಟೂ ಸೆಟ್ಟಿಂಗುಗಳಲ್ಲಿ ನಲವತ್ತು ವರ್ಷದ ನಂತರವೂ ಉಪಯೋಗಕ್ಕೆ ಬರುವುದು ಇದೊಂದೇ.

ಕ್ಯಾಮೆರಾದೊಳಗೆ ನಡೆಯುವುದೇನು ಎಂಬುದನ್ನು ಮೊದಲು ನೋಡೋಣ. ಬಟನ್ ಒತ್ತಿದಾಗ ಕಾರ್ಡಿನ ಮೇಲೆ ಬರೆಯಲ್ಪಡುವ ಕಡತದಲ್ಲಿ ಚಿತ್ರವೊಂದೇ ಇರುವುದಿಲ್ಲ. ಅದರ ತಲೆಯ ಭಾಗದಲ್ಲಿ ಕಣ್ಣಿಗೆ ಕಾಣದ ಒಂದು ಒಕ್ಕಣೆ ಇರುತ್ತದೆ. ಕ್ಯಾಮೆರಾದ ಮಾದರಿ, ಬೆಳಕಿನ ಲೆಕ್ಕ, ಫ್ಲ್ಯಾಶ್ ಉರಿಯಿತೋ ಇಲ್ಲವೋ, ಜೊತೆಗೆ ತೆಗೆದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಜಪಾನಿನ ಕಂಪನಿಗಳು ಕೂಡಿ 1995ರಲ್ಲಿ ರೂಪಿಸಿದ ಎಕ್ಸಿಫ್ ಎಂಬ ಪದ್ಧತಿ ಇದು. ಅಂದಿನಿಂದ ಇಂದಿನವರೆಗೆ ಬಹುತೇಕ ಎಲ್ಲ ಡಿಜಿಟಲ್ ಕ್ಯಾಮೆರಾಗಳೂ ಇದನ್ನೇ ಅನುಸರಿಸುತ್ತವೆ. ಶಾಸನದ ಕಾಲಸೂಚನೆಗೆ ಇದಕ್ಕಿಂತ ಹತ್ತಿರದ ಆಧುನಿಕ ರೂಪ ಇನ್ನೊಂದಿಲ್ಲ. ಆದರೆ ಈ ಒಕ್ಕಣೆ ಬರೆಯುವ ಕರಣಿಕನಿಗೆ ಆಕಾಶ ನೋಡಿ ತಿಥಿ ಹೇಳಲು ಬರುವುದಿಲ್ಲ. ಒಳಗಿನ ಗಡಿಯಾರ ಹೇಳಿದ್ದೇ ಅದಕ್ಕೆ ಸತ್ಯ. ಆ ಗಡಿಯಾರಕ್ಕೆ ಜೀವ ಕೊಡುವುದು ಮುಖ್ಯ ಬ್ಯಾಟರಿಯಿಂದಲೇ ತುಂಬಿಕೊಳ್ಳುವ ಒಂದು ಪುಟ್ಟ ಕೋಶ. ಮುಖ್ಯ ಬ್ಯಾಟರಿ ತೆಗೆದಿಟ್ಟರೆ ಕೆಲವು ಮಾದರಿಗಳಲ್ಲಿ ಅದು ಮೂರು ವಾರ ತಡೆಯುತ್ತದೆ, ಕೆಲವದರಲ್ಲಿ ನಾಲ್ಕಾರು ದಿನ. ಆಮೇಲೆ ಗಡಿಯಾರ ನಿಂತು, ಕಾರ್ಖಾನೆಯಲ್ಲಿ ಇಟ್ಟ ಯಾವುದೋ ಒಂದು ಜನವರಿ 1ಕ್ಕೆ ಮರಳುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕ್ಯಾಮೆರಾವನ್ನು ಜಾತ್ರೆಯ ದಿನ ಬೆಳಿಗ್ಗೆ ಹೊರತೆಗೆದು ಅವಸರದಲ್ಲಿ ಹೊತ್ತೊಯ್ದರೆ ಆಗುವುದು ಇದೇ. ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಗೂ ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಗೂ ನಡುವೆ ಅರ್ಧ ವರ್ಷಕ್ಕಿಂತ ಹೆಚ್ಚಿನ ಅಂತರ. ಗಡಿಯಾರ ತಪ್ಪಿದ ಕ್ಯಾಮೆರಾದಲ್ಲಿ ಎರಡೂ ಒಂದೇ ವಾರದಲ್ಲಿ ನಡೆದಂತೆ ಸಾಲಾಗಿ ಕೂರುತ್ತವೆ. ಕಂಪ್ಯೂಟರಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿದರಂತೂ ಈ ವರ್ಷದ ತೇರು ಹತ್ತು ವರ್ಷ ಹಿಂದಿನ ಮದುವೆಗಿಂತ ಮೊದಲೇ ಎಳೆದಂತಾಗುತ್ತದೆ.

ತೇದಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ಹುಣಸಗಿ ಸೀಮೆಯ ಇಸಾಂಪುರದಲ್ಲಿ ಹಳೆ ಶಿಲಾಯುಗದ ಮನುಷ್ಯರು ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದರು. ಕಾಲ ತಿಳಿಯಲು ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮೆಲನ್ನು ಪ್ರಯೋಗಾಲಯಕ್ಕೆ ಕೊಡಬೇಕಾಯಿತು. ಬಂದ ಉತ್ತರ ಸುಮಾರು 12.7 ಲಕ್ಷ ವರ್ಷ, ಹೆಚ್ಚುಕಡಿಮೆ 1.7 ಲಕ್ಷ. ಅಷ್ಟು ಹಳೆಯದಕ್ಕೆ ಅಷ್ಟು ಅಂದಾಜು ಸಹಜವೇ. ಆದರೆ ಸಾವಿರ ವರ್ಷದೊಳಗಿನ ಶಾಸನದಲ್ಲಿ ತೇದಿಯ ಸಾಲು ಒಡೆದುಹೋಗಿದ್ದರೂ ಕಷ್ಟ ತಪ್ಪಿದ್ದಲ್ಲ. ಅಕ್ಷರದ ತಲೆಕಟ್ಟು ಹೇಗಿದೆ, ಮಕಾರ ವಕಾರ ಹೇಗೆ ತಿರುಗಿವೆ ಎಂದು ನೋಡಿ ಇಂಥ ಶತಮಾನ ಎನ್ನಬಹುದಷ್ಟೆ. ಇಂಥ ವರ್ಷ ಎನ್ನಲಾಗದು. ತೇದಿಯ ಸಾಲು ಉಳಿದಿದ್ದರೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳನ್ನು ತೆರೆದು ಅದು ಯಾವ ವಾರ, ಯಾವ ಇಂಗ್ಲಿಷ್ ತಿಂಗಳು ಎಂಬುದನ್ನೂ ಹೇಳಬಹುದು. ಇನ್ನು ಅಂಕಿತದ, ಅಂದರೆ ಹೆಸರಿನ ಮಾತು. ಭೀಮಾ ತೀರದ ಸನ್ನತಿಯ ಪಕ್ಕ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿ ಮತ್ತು ಪರಿವಾರದೊಡನೆ ನಿಂತ ಒಬ್ಬ ಅರಸನ ಉಬ್ಬುಶಿಲ್ಪ ಸಿಕ್ಕಿತು. ಅಂಥ ಅರಸರ ಶಿಲ್ಪಗಳು ಭಾರತದಲ್ಲಿ ಎಷ್ಟೋ ಇವೆ. ಈ ಒಂದನ್ನು ಜಗತ್ತು ತಿರುಗಿ ನೋಡಿದ್ದು ಬ್ರಾಹ್ಮಿಯಲ್ಲಿ ಕೊರೆದ ಎರಡು ಪದಗಳಿಂದ, ರಾಯ ಅಶೋಕ ಎಂದು. ಆ ಎರಡು ಪದ ಇಲ್ಲದಿದ್ದರೆ ಅದು ಹೆಸರಿಲ್ಲದ ರಾಜನಾಗಿ ಮ್ಯೂಸಿಯಂ ಪಟ್ಟಿಯ ಒಂದು ಸಂಖ್ಯೆಯಾಗಿರುತ್ತಿತ್ತು. ಚಿತ್ರ ತಾನಾಗಿ ಮಾತಾಡುತ್ತದೆ ಎಂಬ ನಂಬಿಕೆಯನ್ನು ಈ ಒಂದು ಕಲ್ಲು ಮುರಿದುಹಾಕುತ್ತದೆ.

ಫೋಟೊಗಳ ವಿಷಯಕ್ಕೇ ಬಂದರೆ, ಈ ಭಾಗಕ್ಕೆ ಛಾಯಾಗ್ರಹಣದ ಚರಿತ್ರೆಯಲ್ಲಿ ಒಂದು ಓರೆಯ ನಂಟಿದೆ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಗೋರಿಗಳನ್ನೂ ಸುತ್ತಿನ ಶಿಲಾಸಮಾಧಿಗಳನ್ನೂ ಅಳೆದು, ನಕ್ಷೆ ಬರೆದು ಪ್ರಕಟಿಸಿದ. ಕೈಯಲ್ಲಿ ಪೆನ್ಸಿಲಿತ್ತು, ಕ್ಯಾಮೆರಾ ಇರಲಿಲ್ಲ. ಮುಂಬಯಿಯಲ್ಲಿ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು ಆತ ಸುರಪುರ ಬಿಟ್ಟ ಮರುವರ್ಷ, 1854ರಲ್ಲಿ. ಆದರೂ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಚಿತ್ರಸಂಪುಟ ಅಚ್ಚಾದಾಗ ಅದಕ್ಕೆ ಚರಿತ್ರೆಯ ಬರಹ ಬರೆದವನು ಇದೇ ಟೇಲರ್. ಚಿತ್ರಗಳು ಡಾಕ್ಟರ್ ಪಿಗೌ, ನೀಲ್, ಕರ್ನಲ್ ಬಿಗ್ಸ್ ತೆಗೆದವು, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್‌ನದು. ಚಿತ್ರ ತೆಗೆಯುವವರು ಬೇರೆ, ಅದಕ್ಕೆ ಹೆಸರು ಕಾಲ ಕೊಡುವವರು ಬೇರೆ ಎಂದು ಆ ಕಾಲದವರು ಸ್ಪಷ್ಟವಾಗಿ ತಿಳಿದಿದ್ದರು. ಇದಕ್ಕಿಂತ ಬಲವಾದ ಸಾಕ್ಷಿ ಹಂಪಿಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಮೇಣಗಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಗ್ರೀನ್‌ಲಾ ಚಿತ್ರದಲ್ಲಿ ಇಟ್ಟಿಗೆಯ ಶಿಖರವಿದೆ. ಈಗ ಐವತ್ತು ರೂಪಾಯಿಯ ನೋಟಿನ ಮೇಲೆ ನಾವು ನೋಡುವ ರಥಕ್ಕೆ ಅದಿಲ್ಲ. ಶಿಖರ 1856ರಲ್ಲಿ ಇತ್ತು ಎಂದು ನಾವು ಎದೆ ತಟ್ಟಿ ಹೇಳಬಲ್ಲೆವು. ವರ್ಷ ಗೊತ್ತಿಲ್ಲದಿದ್ದರೆ ಅದೇ ಚಿತ್ರ, ಎಂದೋ ಒಂದು ಕಾಲದಲ್ಲಿ ಹೀಗಿತ್ತು ಎಂಬ ಅಜ್ಜಿಕತೆಯ ಮಟ್ಟಕ್ಕೆ ಇಳಿಯುತ್ತಿತ್ತು.

ಹಾಗಾದರೆ ಮಾಡಬೇಕಾದ್ದೇನು? ಕೆಲಸ ಸಣ್ಣದು, ಆದರೆ ಅನುಕ್ರಮ ಮುಖ್ಯ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಹಾಕಿದ ಮೇಲೆಯೇ ಗಡಿಯಾರ ಹೊಂದಿಸಬೇಕು. ಅರೆಜೀವದ ಬ್ಯಾಟರಿಯಲ್ಲಿ ಹೊಂದಿಸಿದರೆ ಒಳಗಿನ ಪುಟ್ಟ ಕೋಶ ತುಂಬಿರುವುದಿಲ್ಲ, ಬ್ಯಾಟರಿ ತೆಗೆದ ತಕ್ಷಣ ಎಲ್ಲ ಹೋಯಿತು. ಊರಿನ ಪಟ್ಟಿಯಲ್ಲಿ ದೆಹಲಿ ಅಥವಾ ಕೋಲ್ಕತ್ತ ಆರಿಸಿದರೆ ಐದೂವರೆ ತಾಸಿನ ಭಾರತೀಯ ಸಮಯ ಬರುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತಿನ ಒಂದು ಆಯ್ಕೆ ಇರುತ್ತದೆ. ಅದು ಯುರೋಪು ಅಮೆರಿಕದವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುವ ಪದ್ಧತಿಗೆ ಇಟ್ಟದ್ದು. ನಮ್ಮಲ್ಲಿ ಬೇಸಿಗೆಗೇನೂ ಕೊರತೆಯಿಲ್ಲ ಎಂದು ಅದನ್ನು ಚಾಲೂ ಮಾಡಿದರೆ ಎಲ್ಲ ಚಿತ್ರಗಳೂ ಒಂದು ತಾಸು ಮುಂದೆ ಓಡುತ್ತವೆ. ನಿಜವಾದ ಬಲೆ ಇರುವುದು ದಿನ ಮತ್ತು ತಿಂಗಳಿನ ಕ್ರಮದಲ್ಲಿ. ನಾವು ದಿನ ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳು ಮೊದಲು, ಜಪಾನಿನವರು ವರ್ಷ ಮೊದಲು. 05/06 ಎಂದಿರುವ ಪರದೆಯಲ್ಲಿ ಜೂನ್ ಐದೋ ಮೇ ಆರೋ ಎಂದು ಗುರುತಿಸದೆ ಓಕೆ ಒತ್ತಿದರೆ ತಪ್ಪು ಸಿಕ್ಕಿಬೀಳುವುದು ಹದಿಮೂರನೆಯ ತಾರೀಖು ಬಂದಾಗಲೇ, ಕೆಲವೊಮ್ಮೆ ಆಗಲೂ ಇಲ್ಲ. ಹೊಂದಿಸಿದ್ದು ಸರಿಯಾಯಿತೇ ಎಂದು ನೋಡಲು ಸುಲಭದ ದಾರಿ, ಮೊಬೈಲಿನ ಪರದೆಯ ಮೇಲಿನ ಗಡಿಯಾರವನ್ನೇ ಮೊದಲ ಚಿತ್ರವಾಗಿ ತೆಗೆಯುವುದು. ಮೊಬೈಲು ಸಮಯವನ್ನು ನೆಟ್‌ವರ್ಕಿನಿಂದ ಪಡೆಯುತ್ತದೆ, ಹಾಗಾಗಿ ಅದು ನಂಬಿಕಸ್ಥ ಸಾಕ್ಷಿ. ಆ ಒಂದು ಚಿತ್ರ ಕಾರ್ಡಿನಲ್ಲಿ ಉಳಿದರೆ ಮುಂದೆ ಯಾರಿಗೇ ಅನುಮಾನ ಬಂದರೂ ತಾಳೆ ನೋಡಬಹುದು.

ಉಳಿದ ಸೆಟ್ಟಿಂಗುಗಳಿಗೆ ಇಷ್ಟು ಮಾತು ಬೇಡ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸುವ ಬದಲು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು, ಮಾಡುವ ಮೊದಲು ಅದರಲ್ಲಿ ಹಳೆಯದೇನಾದರೂ ಉಳಿದಿದೆಯೇ ನೋಡಬೇಕು. 2006ಕ್ಕಿಂತ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. ಅಂಗಡಿಯವನು ಕೊಟ್ಟ 64 ಜಿಬಿ ಕಾರ್ಡು ಅದರಲ್ಲಿ ನಡೆಯದಿದ್ದರೆ ದೋಷ ಕಾರ್ಡಿನದೂ ಅಲ್ಲ, ಕ್ಯಾಮೆರಾದ್ದೂ ಅಲ್ಲ. ಚಿತ್ರದ ಅಳತೆ ಅತಿ ದೊಡ್ಡದಕ್ಕೆ ಇರಲಿ. ಡಿಜಿಟಲ್ ಜೂಮ್ ಮುಚ್ಚಿಬಿಡಿ. ಅದು ಇದ್ದ ಚಿತ್ರವನ್ನೇ ಹಿಗ್ಗಿಸುವುದು, ಹೊಸ ವಿವರವನ್ನೇನೂ ತರುವುದಿಲ್ಲ. ಕಡತದ ಅಂಕಿಯನ್ನು ಮಾತ್ರ ಗಮನಿಸಿ. ಪ್ರತಿ ಸಲ 0001ರಿಂದ ಶುರುವಾಗುವ ಬದಲು 9999ರವರೆಗೆ ಮುಂದುವರಿಯುವಂತೆ ಇಡುವ ಆಯ್ಕೆ ಮೆನುವಿನಲ್ಲಿರುತ್ತದೆ. ಅದನ್ನೇ ಇಡಬೇಕು, ಯಾಕೆಂದರೆ ಗಡಿಯಾರ ಎಂದಾದರೂ ಕೈಕೊಟ್ಟರೆ ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವ ಎರಡನೆಯ ಸಾಕ್ಷಿ ಅದು. ಚಿತ್ರದ ಮೂಲೆಯಲ್ಲಿಯೇ ತಾರೀಖು ಅಚ್ಚಾಗುವ ಆಯ್ಕೆಯನ್ನು ಕೆಲವರು ಬಯಸುತ್ತಾರೆ. ತೇದಿಯ ಪರವಾಗಿ ಇಷ್ಟೆಲ್ಲ ವಾದಿಸಿದ ಮೇಲೂ ಅದನ್ನು ಮುಚ್ಚಿಡಿ ಎಂದೇ ನನ್ನ ಮಾತು. ಕಿತ್ತಳೆ ಬಣ್ಣದ ಆ ಅಂಕಿಗಳು ಚಿತ್ರದ ಒಂದು ತುಂಡನ್ನು ತಿಂದುಹಾಕುತ್ತವೆ, ಗಡಿಯಾರ ತಪ್ಪಿದ್ದರೆ ತಪ್ಪನ್ನು ಎಂದೂ ಅಳಿಸಲಾಗದಂತೆ ಮೆತ್ತುತ್ತವೆ. ಒಳಗಿನ ಒಕ್ಕಣೆ ತಪ್ಪಿದ್ದರೆ ಕಂಪ್ಯೂಟರಿನಲ್ಲಿ ತಿದ್ದಬಹುದು.

ಇಷ್ಟಾದ ಮೇಲೆ ಏಳುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಎಲ್ಲರ ಜೇಬಿನಲ್ಲಿ ಮೊಬೈಲಿರುವಾಗ, ಅದು ತಾರೀಖನ್ನು ತಾನೇ ಸರಿಯಾಗಿ ಬರೆದುಕೊಳ್ಳುವಾಗ, ಜಾಗವನ್ನೂ ಉಪಗ್ರಹದಿಂದ ಗುರುತು ಹಾಕುವಾಗ, ಈ ಪುಟ್ಟ ಕ್ಯಾಮೆರಾದ ಉಸಾಬರಿ ಯಾಕೆ? ಆಕ್ಷೇಪದಲ್ಲಿ ಹುರುಳಿದೆ, ಅಂಕಿಅಂಶಗಳೂ ಅದರ ಪರವಾಗಿವೆ. 2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳಿಸಿದ ಇಂಥ ಕ್ಯಾಮೆರಾಗಳು 10 ಕೋಟಿಯನ್ನು ಮೀರಿದ್ದವು. 2023ರಲ್ಲಿ 20 ಲಕ್ಷವೂ ಇಲ್ಲ. ಮೊಬೈಲು ಅವನ್ನು ನುಂಗಿತು. ಗಡಿಯಾರದ ಮಟ್ಟಿಗೆ ಮೊಬೈಲು ಮೇಲು ಎಂದು ಒಪ್ಪಲೇಬೇಕು. ಆದರೆ ತೇದಿ ಹುಟ್ಟುವುದು ಬೇರೆ, ಬದುಕುಳಿಯುವುದು ಬೇರೆ. ಮೊಬೈಲಿನ ಚಿತ್ರ ನಮ್ಮಲ್ಲಿ ಹೆಚ್ಚಾಗಿ ಹೋಗುವ ದಾರಿ ವಾಟ್ಸ್ಆ್ಯಪ್. ಆ ದಾರಿಯಲ್ಲಿ ಚಿತ್ರವನ್ನು ಕುಗ್ಗಿಸಲಾಗುತ್ತದೆ, ಒಳಗಿನ ಒಕ್ಕಣೆಯನ್ನು ಕಿತ್ತುಹಾಕಲಾಗುತ್ತದೆ, ಆಂಡ್ರಾಯ್ಡ್ ಫೋನಿನಲ್ಲಿ ಕಡತದ ಹೆಸರಿನಲ್ಲಿ ಬಂದು ತಲುಪಿದ ದಿನದ ತಾರೀಖು ಕೂರುತ್ತದೆ. ಐದು ವರ್ಷದ ಹಿಂದೆ ಬಿದ್ದ ಅಗಸೆಯ ಚಿತ್ರವನ್ನು ಯಾರೋ ಇವತ್ತು ಗುಂಪಿಗೆ ಹಾಕಿದರೆ, ಅಗಸೆ ಇವತ್ತೇ ಬಿದ್ದಂತೆ ದಾಖಲಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಒಕ್ಕಣೆ ಉಳಿಯುತ್ತದೆ, ಆದರೆ ಹಾಗೆ ಕಳಿಸುವವರೆಷ್ಟು? ಇನ್ನೊಂದು ಮಾತು. ಮೊಬೈಲು ಒಬ್ಬರ ಸ್ವಂತದ್ದು. ಒಡೆಯುತ್ತದೆ, ಕಳೆಯುತ್ತದೆ, ಬದಲಾಗುತ್ತದೆ, ಅದರೊಂದಿಗೆ ಚಿತ್ರಗಳೂ ಹೋಗುತ್ತವೆ. ಕ್ಯಾಮೆರಾ ಗ್ರಂಥಾಲಯದ್ದೋ ಶಾಲೆಯದೋ ಆಗಿರಬಹುದು, ಕಾರ್ಡು ಅಲ್ಲಿನ ಕಪಾಟಿನಲ್ಲಿ ಉಳಿಯಬಹುದು, ಯಾರು ಬೇಕಾದರೂ ಒಯ್ದು ತಂದಿಡಬಹುದು. ಗೋಪುರದ ಮೇಲಿನ ಶಿಲ್ಪವನ್ನು ನಿಜವಾದ ಲೆನ್ಸಿನಿಂದ ಹತ್ತಿರಕ್ಕೆ ಎಳೆಯಬಲ್ಲದ್ದು, ಹೆಚ್ಚಿನ ಮಾದರಿಗಳಲ್ಲಿ ಸ್ಟ್ಯಾಂಡಿಗೆ ತಿರುಗಿಸಿ ಕೂರಿಸಲು ತಳದಲ್ಲೊಂದು ತೂತು ಇರುವುದು, ಇವೂ ಸಣ್ಣ ಸಂಗತಿಗಳೇನಲ್ಲ. ಹಾಗಿದ್ದೂ ಯಾರಲ್ಲಾದರೂ ಮೊಬೈಲು ಮಾತ್ರ ಇದ್ದರೆ ಅದರಲ್ಲೇ ತೆಗೆಯಲಿ, ಕಡತವನ್ನು ಕೇಬಲಿನಿಂದ ಕಂಪ್ಯೂಟರಿಗೆ ಇಳಿಸಲಿ. ನನ್ನ ವಾದಕ್ಕೆ ಅದರಿಂದ ಧಕ್ಕೆಯಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು: ಕಡತದೊಳಗಿನ ತಾರೀಖನ್ನು ಯಾರು ಬೇಕಾದರೂ ತಿದ್ದಬಹುದಲ್ಲ, ಅದನ್ನು ನಂಬಿ ಚರಿತ್ರೆ ಬರೆಯುವುದು ಹೇಗೆ? ತಿದ್ದಬಹುದು, ನಿಜ. ಕಲ್ಲು ತಾಮ್ರಗಳಲ್ಲೂ ಕೂಟಶಾಸನಗಳಿದ್ದವು. ಭೂಮಿಯ ಹಕ್ಕಿಗಾಗಿ ಹಿಂದಿನ ಅರಸರ ಹೆಸರಿನಲ್ಲಿ ಆಮೇಲಿನವರು ಕೊರೆಸಿದವು. ಜೆ.ಎಫ್. ಫ್ಲೀಟ್‌ನಂಥ ವಿದ್ವಾಂಸರು ಅವುಗಳನ್ನು ಹಿಡಿದದ್ದು ಹೇಗೆ? ಬಹಳ ಸಲ ತೇದಿಯಿಂದಲೇ. ಶಕವರ್ಷ ಒಂದು ಹೇಳುತ್ತದೆ, ಸಂವತ್ಸರ ಇನ್ನೊಂದು, ಅಕ್ಷರದ ರೂಪ ಮತ್ತೊಂದು. ತೇದಿಯಲ್ಲಿ ನಾಲ್ಕಾರು ಅಂಗಗಳಿರುವುದರಿಂದ ಸುಳ್ಳು ಹೇಳಹೊರಟವನಿಗೆ ಎಲ್ಲವನ್ನೂ ಒಂದಕ್ಕೊಂದು ಹೊಂದಿಸುವುದು ಕಷ್ಟ. ಚಿತ್ರಕ್ಕೂ ಇದೇ ನ್ಯಾಯ. ಒಳಗಿನ ತಾರೀಖು, ಕಡತದ ಅಂಕಿ, ಅದರ ಹಿಂದುಮುಂದಿನ ಚಿತ್ರಗಳು, ಕಂಬದ ನೆರಳು ಬಿದ್ದ ದಿಕ್ಕು, ಹೊಲದಲ್ಲಿ ತೊಗರಿ ಹೂಬಿಟ್ಟಿದೆಯೇ ಕಟಾವಾಗಿದೆಯೇ ಎಂಬುದು, ಇವೆಲ್ಲ ತಾಳೆಯಾಗಬೇಕು. ತೇದಿಯೇ ಇಲ್ಲದ ಚಿತ್ರದಲ್ಲಿ ಸುಳ್ಳನ್ನು ಹಿಡಿಯಲು ಹಗ್ಗದ ತುದಿಯೇ ಸಿಗುವುದಿಲ್ಲ.

ಗಡಿಯಾರ ತಪ್ಪಿದ ಚಿತ್ರಗಳು ಆಗಲೇ ಸಾವಿರಗಟ್ಟಲೆ ಇವೆಯಲ್ಲ, ಅವುಗಳ ಗತಿಯೇನು ಎಂಬುದು ಆಕ್ಷೇಪಕ್ಕಿಂತ ಕೊರಗು. ಇದಕ್ಕೆ ಸಮಾಧಾನ ಈ ನಾಡಿನ ಚರಿತ್ರೆಯಲ್ಲೇ ಇದೆ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಶಕವರ್ಷವನ್ನು ಬದಿಗೊತ್ತಿ ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಶುರುಮಾಡಿದ. ಅಂದರೆ ಅರಸನೇ ಗಡಿಯಾರವನ್ನು ಒಂದಕ್ಕೆ ತಿರುಗಿಸಿದ. ಅದರಿಂದ ಶಾಸನಗಳು ಕೆಟ್ಟವೇ? ಇಲ್ಲ, ಆರಂಭ ಗೊತ್ತಿರುವುದರಿಂದ 1075 ಕೂಡಿಸಿದರೆ ನಮ್ಮ ವರ್ಷ ಸಿಗುತ್ತದೆ. ನಿಜಾಮರ ಕಾಲದ ಕಂದಾಯ ಕಾಗದಗಳಲ್ಲಿನ ಫಸಲಿ ವರ್ಷಕ್ಕೆ 590 ಕೂಡಿಸುವ ಲೆಕ್ಕ ಈ ಭಾಗದ ಹಿರಿಯರಿಗೆ ಬಾಯಿಪಾಠ. ತಪ್ಪಿದ ಕ್ಯಾಮೆರಾ ಗಡಿಯಾರವೂ ಹೀಗೆಯೇ ಒಂದು ಬೇರೆ ಶಕೆ. ಅದು ನಿಂತಿಲ್ಲ, ಬೇರೆ ಕಡೆಯಿಂದ ಎಣಿಸುತ್ತಿದೆ ಅಷ್ಟೆ. ಹಾಗೆ ತಪ್ಪಿದ ಚಿತ್ರಗಳ ಕಂತಿನಲ್ಲಿ ದಿನ ಗೊತ್ತಿರುವ ಒಂದೇ ಒಂದು ಚಿತ್ರ ಸಿಕ್ಕರೆ ಸಾಕು. ಲಗ್ನಪತ್ರಿಕೆಯಿರುವ ಮದುವೆ, ಗೋಡೆಯ ಮೇಲಿನ ಕ್ಯಾಲೆಂಡರ್, ಶಾಲೆಯ ಆಗಸ್ಟ್ 15ರ ಧ್ವಜ, ಯಾವುದಾದರೂ ಆದೀತು. ಅದರ ನಿಜವಾದ ದಿನಕ್ಕೂ ಕ್ಯಾಮೆರಾ ಬರೆದ ದಿನಕ್ಕೂ ಇರುವ ಅಂತರ ತೆಗೆದು ಉಳಿದೆಲ್ಲ ಚಿತ್ರಗಳಿಗೂ ಅದನ್ನೇ ಕೂಡಿಸಬಹುದು. ಉಚಿತವಾಗಿ ಸಿಗುವ ತಂತ್ರಾಂಶಗಳು ಸಾವಿರ ಚಿತ್ರಗಳಿಗೆ ಇದನ್ನು ನಿಮಿಷದಲ್ಲಿ ಮಾಡುತ್ತವೆ. ನಡುವೆ ಬ್ಯಾಟರಿ ಸತ್ತು ಗಡಿಯಾರ ಮತ್ತೊಮ್ಮೆ ಮರಳಿದ್ದರೆ ಮಾತ್ರ ಲೆಕ್ಕ ಮುರಿಯುತ್ತದೆ.

ಇಷ್ಟೆಲ್ಲ ಮಾಡಿ ತೆಗೆಯುವುದೇನನ್ನು? ಕೆಂಭಾವಿಯಂಥ ಹಳೆಯ ಊರುಗಳಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಗುಡಿಯ ಮುಂದಿನ ಕಟ್ಟೆ, ವೀರಗಲ್ಲು, ಬಾವಿಯ ಪಾವಟಿಗೆ, ಬಟ್ಟೆ ಒಗೆಯಲು ಹಾಕಿಕೊಂಡ ಅಕ್ಷರದ ಕಲ್ಲು. ಶಾಸನ ತೆಗೆಯುವಾಗ ಕ್ಯಾಮೆರಾದ ಫ್ಲ್ಯಾಶೇ ಮೊದಲ ಶತ್ರು. ಲೆನ್ಸಿನ ಪಕ್ಕದಲ್ಲೇ ಉರಿಯುವ ಆ ಬೆಳಕು ಅಕ್ಷರದ ಗುಣಿಯೊಳಗೆ ನೇರ ಹೊಕ್ಕು ನೆರಳನ್ನು ಅಳಿಸುತ್ತದೆ, ಕಲ್ಲು ಬೋಳಾಗಿ ಕಾಣುತ್ತದೆ. ಅಕ್ಷರ ಏಳುವುದು ಓರೆಬೆಳಕಿನಲ್ಲಿ. ಮುಂಜಾನೆ ಇಲ್ಲವೆ ಇಳಿಹೊತ್ತಿನ ಬಿಸಿಲು ಕಲ್ಲಿನ ಮೈಸವರಿ ಹಾಯುವಾಗ, ಇಲ್ಲವೆ ನೆರಳಿನಲ್ಲಿರುವ ಕಲ್ಲಿಗೆ ಬದಿಯಿಂದ ಕನ್ನಡಿ ಹಿಡಿದು ಬಿಸಿಲು ಹಾಯಿಸಿದಾಗ, ಕತ್ತಲಿದ್ದರೆ ಪಕ್ಕದಿಂದ ಟಾರ್ಚ್ ಬಿಟ್ಟಾಗ. ಕತ್ತಲಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯಬಾರದು. ಕಟ್ಟೆಯ ಮೇಲಿಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದರೆ ಅಲುಗಾಟ ತಪ್ಪುತ್ತದೆ. ಕರಿಗಲ್ಲನ್ನು ಕ್ಯಾಮೆರಾ ತನ್ನ ಲೆಕ್ಕದಲ್ಲಿ ಬೂದು ಮಾಡಹೊರಡುತ್ತದೆ, ಕೂಡಿಸು ಕಳೆ ಗುರುತಿರುವ ಬಟನ್ನಿನಿಂದ ಸ್ವಲ್ಪ ಕಳೆಯಬೇಕು. ಸುಣ್ಣ ಬಳಿದ ಗೋಡೆಗಾದರೆ ಕೂಡಿಸಬೇಕು. ಹತ್ತಿರದ ಅಕ್ಷರಕ್ಕೆ ಹೂವಿನ ಗುರುತು. ಅಕ್ಷರ ಕಾಣಲೆಂದು ಎಣ್ಣೆ ಹಚ್ಚುವುದು, ಸೀಮೆಸುಣ್ಣ ತುಂಬುವುದು, ಉಳಿಯಿಂದ ಕೆರೆಯುವುದು ಮಾತ್ರ ಕೂಡದು. ಓದುವ ಆಸೆಗೆ ಓದಬೇಕಾದ್ದನ್ನೇ ಕೆಡಿಸಿದಂತೆ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಇಡೀ ಕಲ್ಲಿನ ಒಂದು ಚಿತ್ರ, ಆಮೇಲೆ ಸಾಲು ಸಾಲಾಗಿ ಹತ್ತಿರದವು.

ಈಗ ಅಂಕಿತ. ತೇದಿಯನ್ನು ಯಂತ್ರ ಬರೆಯುತ್ತದೆ, ಹೆಸರನ್ನು ನಾವೇ ಬರೆಯಬೇಕು. ಪ್ರತಿ ಜಾಗದಲ್ಲೂ ಮೊದಲ ಚಿತ್ರ ಒಂದು ಹಾಳೆಯದಾಗಿರಲಿ: ಊರು, ಗುಡಿ, ಕಲ್ಲು ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖ, ತಾರೀಖು, ದೊಡ್ಡ ಅಕ್ಷರದಲ್ಲಿ. ಮುಂದಿನ ಚಿತ್ರಗಳೆಲ್ಲ ಇನ್ನೊಂದು ಹಾಳೆ ಬರುವವರೆಗೆ ಅದರ ಕೆಳಗೇ. ಕೈಬರಹದ ತಾರೀಖೂ ಅಲ್ಲಿರುವುದರಿಂದ ಗಡಿಯಾರದ ತಪ್ಪು ಅಂದೇ ಸಿಕ್ಕಿಬೀಳುತ್ತದೆ. ಹೆಸರು ಗೊತ್ತಿದ್ದರೆ ತಾರೀಖು ಬೇಕೇ ಎನ್ನುವವರಿಗೆ ಒಂದು ಮಾತು. ಕೆಂಭಾವಿ 2009ರ ಡಿಸೆಂಬರ್ 30ರವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು, ಅಂದಿನಿಂದ ಯಾದಗಿರಿ ಜಿಲ್ಲೆಯಲ್ಲಿದೆ. ಗುಲ್ಬರ್ಗಾ ಎಂಬ ಹೆಸರೇ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಹುಣಸಗಿ ಸುರಪುರದಿಂದ ಬೇರೆಯಾಗಿ ತಾಲ್ಲೂಕಾಯಿತು. ಹೆಸರುಗಳೂ ನಿಂತಲ್ಲಿ ನಿಲ್ಲುವುದಿಲ್ಲ.

ಇದು ಪುರಾತತ್ವ ಇಲಾಖೆಯವರ ಕೆಲಸ, ವಿಶ್ವವಿದ್ಯಾಲಯದವರ ಕೆಲಸ, ಊರವರಿಗೇಕೆ ಎಂಬ ಕೊನೆಯ ಆಕ್ಷೇಪವೊಂದು ಉಳಿಯುತ್ತದೆ. ಶಾಸನ ಓದುವುದು ಅವರದೇ ಕೆಲಸ, ಸಂಶಯವಿಲ್ಲ. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿಯವರು ಸಂಪಾದಿಸಿ 1958ರಲ್ಲಿ ಹೊರತಂದದ್ದು ಅಂಥ ದೊಡ್ಡ ಕೆಲಸ. ಆದರೆ ವಿದ್ವಾಂಸರು ಒಂದು ಊರಿಗೆ ಬರುವುದು ಬದುಕಿನಲ್ಲಿ ಒಂದು ಸಲ, ಎರಡು ಸಲ. ಗುಡಿಗೆ ಎಣ್ಣೆಬಣ್ಣ ಬಳಿಯುವುದು, ಹಳೆಯ ನೆಲ ಕಿತ್ತು ಟೈಲ್ಸ್ ಹಾಕುವುದು, ರಸ್ತೆ ಅಗಲಿಸುವಾಗ ವೀರಗಲ್ಲು ಸರಿಸುವುದು, ಮಳೆಗೆ ಗೋಡೆ ಕುಸಿಯುವುದು, ಇವೆಲ್ಲ ಆಗುವುದು ಅವರು ಹೋಗಿ ಮತ್ತೆ ಬರುವ ನಡುವಿನ ವರ್ಷಗಳಲ್ಲಿ. ಆ ನಡುವಿನ ಕಾಲಕ್ಕೆ ಊರಲ್ಲಿರುವವರನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಇಂಥ ತಿಂಗಳು ಕಲ್ಲು ಇಲ್ಲಿತ್ತು, ಇಂಥ ತಿಂಗಳು ಇರಲಿಲ್ಲ ಎಂದು ಹೇಳಬಲ್ಲ ಎರಡು ಸಾಧಾರಣ ಚಿತ್ರಗಳು ತೇದಿಯಿಲ್ಲದ ಇನ್ನೂರು ಸುಂದರ ಚಿತ್ರಗಳಿಗಿಂತ ಹೆಚ್ಚು ತೂಗುತ್ತವೆ.

ಹಾಗಾಗಿ ಕೆಂಭಾವಿ, ಶಹಾಪುರ, ಸುರಪುರ ಕಡೆಯ ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ, ಮನೆಗಳ ಕಪಾಟಿನಲ್ಲಿ ಹಳೆಯ ಪುಟ್ಟ ಕ್ಯಾಮೆರಾ ಇಟ್ಟುಕೊಂಡವರಲ್ಲಿ ಒಂದು ಕೋರಿಕೆ. ಇಂದು ರಾತ್ರಿ ಬ್ಯಾಟರಿ ಚಾರ್ಜಿಗೆ ಹಾಕಿ. ನಾಳೆ ಬೆಳಿಗ್ಗೆ ಗಡಿಯಾರ ಹೊಂದಿಸಿ, ಮೊಬೈಲಿನ ಸಮಯದ ಒಂದು ಚಿತ್ರ ತೆಗೆದು, ನಿಮ್ಮ ಓಣಿಯ ಗುಡಿಯ ಮುಂದಿರುವ ಕಲ್ಲಿನಿಂದ ಶುರುಮಾಡಿ. ಬಿಸಿಲು ಏರುವ ಮೊದಲೇ ಹೋಗಿ, ಅಕ್ಷರಗಳು ಕಾಣುವುದು ಆಗಲೇ.